ಕದ್ದ ಸಾಫ್ಟ್‌ವೇರಿನಲ್ಲಿ ಭಕ್ತಿಗೀತೆ ಬೇಡ, ಉಚಿತ ಎನ್‌ಕೋಡರ್ ಸಾಕು



ಮೊಂತಿ ಹಬ್ಬ ಹತ್ತಿರ ಬಂದಾಗ ಒಮ್ಮೆ, ಕ್ರಿಸ್ಮಸ್‌ಗೆ ಗೋದಲಿ ಕಟ್ಟುವಾಗ ಇನ್ನೊಮ್ಮೆ ನಮ್ಮ ಗಾನವೃಂದಗಳಲ್ಲಿ ಒಂದು ಮಾತು ಏಳುತ್ತದೆ: "ಈ ಸಲ ಹಾಡುಗಳನ್ನು ರೆಕಾರ್ಡ್ ಮಾಡಬೇಕು, ಗಲ್ಫ್‌ನಲ್ಲಿ ಇರುವವರಿಗೂ ಕಳಿಸಬೇಕು." ಒಳ್ಳೆಯ ಮಾತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕು. ಸಾವಿರಾರು ರೂಪಾಯಿ ಆಗ್ತದೆ. ಚಿಂತೆ ಇಲ್ಲ, ಕ್ರ್ಯಾಕ್ ಮಾಡಿದ್ದು ನನ್ನ ಪೆನ್ ಡ್ರೈವ್‌ನಲ್ಲಿ ಉಂಟು."

ಈ ಲೇಖನ ಆ ಎರಡನೆಯ ಮಾತಿನ ವಿರುದ್ಧ. ದೊಡ್ಡ ಸಾಫ್ಟ್‌ವೇರ್ ಬೇಕು ಎನ್ನುವುದು ಸುಳ್ಳು. ಕ್ರ್ಯಾಕ್ ಮಾಡಿದ್ದರಲ್ಲಿ ಚಿಂತೆ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಕಂಪ್ಯೂಟರ್ ಅಂಗಡಿಯವರು ಹೇಳಿದರೆಂದು, ಯೂಟ್ಯೂಬ್‌ನಲ್ಲಿ ಯಾರೋ ತೋರಿಸಿದರೆಂದು ನಾವು ಇವೆರಡನ್ನೂ ನಂಬಿ ಕೂತಿದ್ದೇವೆ. ಹಾಡು ಹಿಡಿದಿಡುವ ಕೆಲಸಕ್ಕೆ ಬೇಕಾದದ್ದೆಲ್ಲ ನ್ಯಾಯವಾಗಿ, ಕಾನೂನುಬದ್ಧವಾಗಿ, ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತಿರುವಾಗ ಕದಿಯುವುದಕ್ಕೆ ಯಾವ ನೆಪ ಉಳಿಯಿತು?

ಎನ್‌ಕೋಡರ್ ಅಂದರೆ ಎಂತದು?

ಮೊದಲು ವಿಷಯ ಸ್ಪಷ್ಟವಾಗಲಿ. ಮೈಕ್‌ನಿಂದ ಬಂದ ಧ್ವನಿಯನ್ನು ಕಂಪ್ಯೂಟರ್ ಅಂಕಿಗಳಾಗಿ ಬರೆದಿಡುತ್ತದೆ. ಸಿಡಿ ಗುಣಮಟ್ಟದಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ, ಪ್ರತಿ ಸಲವೂ 16 ಬಿಟ್, ಸ್ಟೀರಿಯೊ ಆದರೆ ಎರಡು ಪಟ್ಟು. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ. ಐದು ನಿಮಿಷದ ಒಂದು ಕಾಣಿಕೆಗೀತೆಗೆ 53 ಎಂಬಿ. ಇದು ವೇವ್ ಫೈಲ್. ಶುದ್ಧ, ಆದರೆ ಭಾರ.

ಇದನ್ನು ಹಗುರ ಮಾಡುವ ಸಾಧನವೇ ಎನ್‌ಕೋಡರ್. ಎಂಪಿ3 ಎನ್‌ಕೋಡರ್ ನಮ್ಮ ಕಿವಿಯ ಮಿತಿಯನ್ನು ಬಳಸಿಕೊಳ್ಳುತ್ತದೆ. ಇಗರ್ಜಿಯ ದೊಡ್ಡ ಗಂಟೆ ಹೊಡೆಯುವಾಗ ಪಕ್ಕದವರು ಪಿಸುಗುಟ್ಟಿದ್ದು ಕೇಳುವುದಿಲ್ಲ, ಅಲ್ಲವೇ? ಹಾಗೆ ದೊಡ್ಡ ಸ್ವರದ ಹಿಂದೆ ಅಡಗಿಹೋಗುವ ಸಣ್ಣ ಸ್ವರಗಳಿಗೆ ಅದು ಕಡಿಮೆ ಜಾಗ ಕೊಡುತ್ತದೆ, ಕೆಲವನ್ನು ಬಿಟ್ಟೇಬಿಡುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನಲ್ಲಿ ಅದೇ ಐದು ನಿಮಿಷದ ಹಾಡು 4.8 ಎಂಬಿಗೆ ಇಳಿಯುತ್ತದೆ. 192ರಲ್ಲಿ ಇಟ್ಟರೆ 7.2 ಎಂಬಿ. ಬಿಟ್ಟದ್ದು ಬಿಟ್ಟ ಹಾಗೆಯೇ. ಎಂಪಿ3ಯಿಂದ ಮತ್ತೆ ವೇವ್ ಮಾಡಿದರೂ ಹೋದ ಸ್ವರ ತಿರುಗಿ ಬರುವುದಿಲ್ಲ. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಈ ಕೆಲಸ ಮಾಡುವ ಉಚಿತ ಎನ್‌ಕೋಡರ್‌ನ ಹೆಸರು ಲೇಮ್. ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸುವ ಉಚಿತ ಸಾಫ್ಟ್‌ವೇರ್ ಆಡಾಸಿಟಿ. ನಮ್ಮ ಗಾನವೃಂದಕ್ಕೆ ಇವೆರಡೇ ಸಾಕು ಎನ್ನುವುದು ನನ್ನ ವಾದ.

ಸತ್ತ ಕಾಯಿದೆ, ಸಾಯದ ಸಲಹೆ

"ಆಡಾಸಿಟಿಯಲ್ಲಿ ಎಂಪಿ3 ಆಗುವುದಿಲ್ಲ, ಲೇಮ್ ಅಂತ ಒಂದು ಡಿಎಲ್‌ಎಲ್ ಫೈಲ್ ಹುಡುಕಿ ಹಾಕಬೇಕು" ಎಂದು ಇಂದಿಗೂ ಹೇಳುವವರಿದ್ದಾರೆ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಯಾಕೆ ಎಂಬುದನ್ನು ತಿಳಿದರೆ ಸಾಫ್ಟ್‌ವೇರ್ ಲೋಕದ ನ್ಯಾಯ ಅನ್ಯಾಯ ಸ್ವಲ್ಪ ಅರ್ಥವಾಗುತ್ತದೆ.

ಎಂಪಿ3 ತಂತ್ರವನ್ನು ಬೆಳೆಸಿದವರಲ್ಲಿ ಮುಖ್ಯರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು. ಅದರ ಮೇಲೆ ಪೇಟೆಂಟ್‌ಗಳಿದ್ದವು. 1998ರಲ್ಲಿ ಆ ಸಂಸ್ಥೆ ಎನ್‌ಕೋಡರ್ ಬರೆದು ಹಂಚುತ್ತಿದ್ದವರಿಗೆ ಪರವಾನಗಿ ಶುಲ್ಕ ಕೊಡಬೇಕೆಂದು ಪತ್ರ ಕಳಿಸಿತು. ಅದೇ ವರ್ಷ ಮೈಕ್ ಚೆಂಗ್ ಎಂಬವರು ಲೇಮ್ ಕೆಲಸ ಶುರು ಮಾಡಿದರು. ಮೊದಲು ಅದು ಪೂರ್ತಿ ಎನ್‌ಕೋಡರ್ ಅಲ್ಲ, ಮಾದರಿಗಾಗಿ ಪ್ರಕಟವಾಗಿದ್ದ ಕೋಡ್‌ಗೆ ಹಾಕುವ ತೇಪೆ ಮಾತ್ರ. ಹಾಗಾಗಿಯೇ "ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ" ಎಂಬ ಅರ್ಥದ ತಮಾಷೆಯ ಹೆಸರು. 2000ದ ಹೊತ್ತಿಗೆ ಹಳೆಯ ಮಾದರಿ ಕೋಡ್ ಪೂರ್ತಿ ಹೊರಹೋಗಿ ಲೇಮ್ ಸ್ವಂತ ಕಾಲಿನ ಮೇಲೆ ನಿಂತಿತು.

ಆದರೂ ಪೇಟೆಂಟ್ ಇತ್ತು. ಅದಕ್ಕೇ ಲೇಮ್ ತಂಡದವರು ಕೋಡ್ ಮಾತ್ರ ಕೊಟ್ಟರು, ನೇರವಾಗಿ ಓಡುವ ಫೈಲ್ ಕೊಡಲಿಲ್ಲ. ಆಡಾಸಿಟಿಯವರೂ ತಮ್ಮ ಸಾಫ್ಟ್‌ವೇರ್ ಒಳಗೆ ಅದನ್ನು ಸೇರಿಸಲಿಲ್ಲ. ಬಳಸುವವರೇ ಬೇರೆ ಕಡೆಯಿಂದ ಇಳಿಸಿಕೊಂಡು, "ಲೇಮ್ ಎಲ್ಲಿದೆ?" ಎಂದು ಆಡಾಸಿಟಿ ಕೇಳಿದಾಗ ತೋರಿಸಬೇಕಿತ್ತು. ಆ ಸಂದಿಯಲ್ಲಿ ನುಗ್ಗಿದವು ನೂರಾರು ಡೌನ್‌ಲೋಡ್ ತಾಣಗಳು. ಅಲ್ಲಿ ಯಾವುದು ನಿಜವಾದ ಬಟನ್, ಯಾವುದು ಜಾಹೀರಾತು ಎಂದೇ ಗೊತ್ತಾಗುವುದಿಲ್ಲ.

2017ರ ಏಪ್ರಿಲ್ 23ಕ್ಕೆ ಎಂಪಿ3 ಪರವಾನಗಿ ಯೋಜನೆ ಮುಗಿಯಿತು. 2019ರ ಮೇ ತಿಂಗಳಲ್ಲಿ ಬಂದ ಆಡಾಸಿಟಿ 2.3.2ರಿಂದ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಲೇಮ್ ಒಳಗೇ ಸೇರಿ ಬರುತ್ತದೆ. ಅಂದರೆ ಇಂದು ಯಾರಾದರೂ ನಿಮಗೆ ಡಿಎಲ್‌ಎಲ್ ಹುಡುಕಲು ಹೇಳಿದರೆ ಅವರು ಹಳೆಯ ಪಾಠ ಒಪ್ಪಿಸುತ್ತಿದ್ದಾರೆ. ಯಾವುದಾದರೂ ತಾಣ ಅದನ್ನು ಇಳಿಸಿಕೊಳ್ಳಿ ಎಂದು ಒತ್ತಾಯಿಸಿದರೆ ಅದರ ಉದ್ದೇಶವನ್ನೇ ಸಂಶಯಿಸಿ.

ಸೆಟ್ ಮಾಡುವುದು ಇಷ್ಟೇ

ಬರೀ ಬೈದರೆ ಪ್ರಯೋಜನ ಇಲ್ಲ. ಮಾಡಬೇಕಾದ್ದು ಇಲ್ಲಿದೆ.

1. ಆಡಾಸಿಟಿಯನ್ನು ಅದರ ಅಧಿಕೃತ ತಾಣವಾದ ಆಡಾಸಿಟಿಟೀಮ್ ಡಾಟ್ ಆರ್ಗ್‌ನಿಂದ ಮಾತ್ರ ಇಳಿಸಿಕೊಳ್ಳಿ. ಲಿನಕ್ಸ್ ಇದ್ದರೆ ಅದರ ಸಾಫ್ಟ್‌ವೇರ್ ಕೇಂದ್ರದಿಂದಲೇ ಹಾಕಿ. ಎನ್‌ಕೋಡರ್ ಕೂಡ ಜೊತೆಗೆ ಬರುತ್ತದೆ.

2. ಹಾಡುವ ಮೊದಲು ಮಟ್ಟ ನೋಡಿಕೊಳ್ಳಿ. ಎಲ್ಲರೂ ಗಟ್ಟಿಯಾಗಿ ಹಾಡುವ ಪಲ್ಲವಿಯಲ್ಲಿ ಮೀಟರ್ ಮೈನಸ್ 6ರ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆ ಮುಟ್ಟಿ ಒಡೆದುಹೋದ ಸ್ವರವನ್ನು ಯಾವ ದುಬಾರಿ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲಾರದು.

3. ಫೈಲ್ ಮೆನುವಿನಲ್ಲಿ ಸೇವ್ ಪ್ರಾಜೆಕ್ಟ್ ಬೇರೆ, ಎಕ್ಸ್‌ಪೋರ್ಟ್ ಆಡಿಯೋ ಬೇರೆ. ಪ್ರಾಜೆಕ್ಟ್ ಫೈಲ್ ಆಡಾಸಿಟಿಯಲ್ಲಿ ಮಾತ್ರ ತೆರೆಯುತ್ತದೆ, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ಹಾಡು ಓಪನ್ ಆಗ್ತಿಲ್ಲ" ಎಂದು ಹೇಳಿಸಿಕೊಳ್ಳಬೇಡಿ.

4. ಎಕ್ಸ್‌ಪೋರ್ಟ್ ಆಡಿಯೋ ಒತ್ತಿ, ಮೊದಲು ವೇವ್ ಅಥವಾ ಫ್ಲ್ಯಾಕ್ ಆರಿಸಿ ಮೂಲಪ್ರತಿ ಉಳಿಸಿ. ಫ್ಲ್ಯಾಕ್ ಕೂಡ ಉಚಿತ. ಅದು ಗಾತ್ರ ಇಳಿಸುತ್ತದೆ, ಆದರೆ ಒಂದು ಸ್ವರವನ್ನೂ ಬಿಡುವುದಿಲ್ಲ.

5. ಮತ್ತೆ ಎಕ್ಸ್‌ಪೋರ್ಟ್ ಒತ್ತಿ ಎಂಪಿ3 ಆರಿಸಿ. ವಾದ್ಯ ಸಹಿತ ಹಾಡಾದರೆ ಸ್ಟೀರಿಯೊ, ಕಾನ್ಸ್ಟಂಟ್ ಬಿಟ್ ರೇಟ್, 192. ಪ್ರವಚನ, ಧ್ಯಾನಕೂಟದ ಮಾತು, ಹಿರಿಯರ ನೆನಪುಗಳಾದರೆ ಮೊನೊ, 64 ಸಾಕು. ಇಪ್ಪತ್ತು ನಿಮಿಷದ ಮಾತು 9.6 ಎಂಬಿಗೆ ಮುಗಿಯುತ್ತದೆ.

6. ಹಾಡಿನ ವಿವರ ಬರೆಯುವ ಮೆಟಾಡೇಟಾ ಪುಟವನ್ನು ಖಾಲಿ ಬಿಡಬೇಡಿ. ಹಾಡಿನ ಹೆಸರು, ರಚಿಸಿದವರು, ರಾಗ ಹಾಕಿದವರು, ವರ್ಷ. ಕನ್ನಡದಲ್ಲೇ ಬರೆಯಬಹುದು.

7. ಮೊಬೈಲ್‌ನಲ್ಲಿ ಮಾಡಿದ ರೆಕಾರ್ಡಿಂಗ್ ಅನೇಕ ಸಲ ಎಂ4ಎ ರೂಪದಲ್ಲಿರುತ್ತದೆ. ವಿಂಡೋಸ್‌ನ ಆಡಾಸಿಟಿಯಲ್ಲಿ ಅದನ್ನು ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಲೈಬ್ರರಿ ಬೇಕು. ಇದನ್ನು ಮಾತ್ರ ಈಗಲೂ ಬೇರೆಯಾಗಿ ಹಾಕಬೇಕು. ಆಡಾಸಿಟಿಯ ಸಹಾಯ ಪುಟದಲ್ಲಿ ತೋರಿಸಿದ ಜಾಗದಿಂದ ತನ್ನಿ, ಗೂಗಲ್‌ನಲ್ಲಿ ಮೊದಲು ಕಂಡ ಜಾಗದಿಂದ ಅಲ್ಲ.

ಇಷ್ಟೇ. ಪಿಯುಸಿ ಓದುವ ಮಕ್ಕಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕೂತು ಕಲಿಯುವ ಕೆಲಸ.

"ಆದರೆ" ಎನ್ನುವವರಿಗೆ

"ಉಚಿತ ಅಂದರೆ ಕಳಪೆ." ಈ ಮಾತನ್ನು ಹೆಚ್ಚಾಗಿ ಕೇಳುತ್ತೇನೆ. ಎಂಪಿ3 ಮಾಡುವ ವಿಷಯದಲ್ಲಂತೂ ಇದು ತಲೆಕೆಳಗಾದ ಮಾತು. ವರ್ಷಗಟ್ಟಲೆ ಜನ ಕಿವಿಗೊಟ್ಟು ಕೇಳಿ, ತಪ್ಪು ತೋರಿಸಿ, ತಿದ್ದಿ ಬೆಳೆಸಿದ ಲೇಮ್ ಅತ್ಯುತ್ತಮ ಎಂಪಿ3 ಎನ್‌ಕೋಡರ್‌ಗಳಲ್ಲಿ ಒಂದು. ನಿಮ್ಮ ಹಾಡು ಕೆಟ್ಟು ಕೇಳಿದರೆ ಕಾರಣ ಎನ್‌ಕೋಡರ್ ಅಲ್ಲ. ಮೈಕ್ ಹತ್ತು ಅಡಿ ದೂರ ಇತ್ತು, ಫ್ಯಾನ್ ತಿರುಗುತ್ತಿತ್ತು, ಹೊರಗೆ ಬೈಕ್ ಸ್ಟಾರ್ಟ್ ಆಗುತ್ತಿತ್ತು. ಇವುಗಳನ್ನು ಸರಿಮಾಡಲು ಹಣ ಬೇಡ, ಗಮನ ಬೇಕು.

"ಎಂಪಿ3 ಹಳೆಯದಾಯಿತು." ಒಪ್ಪುತ್ತೇನೆ. 2012ರಲ್ಲಿ ಪ್ರಮಾಣವಾದ ಓಪಸ್ ಕಡಿಮೆ ಜಾಗದಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ, ಅದೂ ಉಚಿತವೇ. ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಬಳಸುವುದೂ ಅದನ್ನೇ. ಆದರೆ ಅಜ್ಜನ ಜೀಪಿನ ಸ್ಟೀರಿಯೊ, ಅಡುಗೆಮನೆಯ ಪೆನ್ ಡ್ರೈವ್ ರೇಡಿಯೊ, ಚರ್ಚ್ ಹಾಲ್‌ನ ಹಳೆಯ ಸ್ಪೀಕರ್, ಇವೆಲ್ಲ ಎಂಪಿ3 ಓದುತ್ತವೆ. ಹಾಡು ಮುಟ್ಟಬೇಕಾದದ್ದು ಅವರಿಗೆ.

"ಆಡಾಸಿಟಿ ನಮ್ಮ ಮಾಹಿತಿ ಕದಿಯುತ್ತದೆಯಂತೆ." 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಆಡಾಸಿಟಿಯನ್ನು ವಹಿಸಿಕೊಂಡಿತು. ಆ ವರ್ಷವೇ ಅದು ಪ್ರಕಟಿಸಿದ ಖಾಸಗಿತನದ ನೀತಿಯ ಬಗ್ಗೆ ದೊಡ್ಡ ಗದ್ದಲವಾಯಿತು, ಆಗಲೇಬೇಕಿತ್ತು. ಮುಂದೆ ಆ ನೀತಿಯನ್ನು ತಿದ್ದಿ ಬರೆದರು. ಹೊಸ ಆವೃತ್ತಿ ಇದೆಯೇ ಎಂದು ನೋಡುವ ಸೌಲಭ್ಯವನ್ನು ಪ್ರಿಫರೆನ್ಸಸ್‌ನಲ್ಲಿ ಆಫ್ ಮಾಡಬಹುದು. ಕೋಡ್ ಬಹಿರಂಗವಾಗಿ ಇರುವುದರಿಂದಲೇ ಜನ ಗದ್ದಲ ಮಾಡಲು ಸಾಧ್ಯವಾಯಿತು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಒಳಗೆ ಎಂತ ಉಂಟು ಎಂದು ನೋಡಿದವರು ಯಾರು? ಅದನ್ನು ಹಾಕುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂದು ಹೇಳುತ್ತಾರೆ. ಮನೆಗೆ ಬರುವವನು ಮೊದಲು ನಾಯಿಯನ್ನು ಕಟ್ಟಿಹಾಕಿ, ದೀಪ ಆರಿಸಿ ಎಂದರೆ ನೀವು ಬಾಗಿಲು ತೆರೆಯುತ್ತೀರಾ? ನಾವು ಬಾಗಿಲು ತೆರೆಯುತ್ತಿರುವುದು ಬಹಳ ಸಲ ಚರ್ಚ್ ಆಫೀಸಿನ ಕಂಪ್ಯೂಟರಿಗೆ. ಅದರಲ್ಲಿ ಕುಟುಂಬಗಳ ವಿವರ, ಲೆಕ್ಕಪತ್ರ ಎಲ್ಲ ಇರುತ್ತದೆ.

"ನಮಗೆ ತಬಲಾ, ಕೀಬೋರ್ಡ್ ಎಲ್ಲ ಕಂಪ್ಯೂಟರಿನಲ್ಲೇ ಮಾಡಬೇಕು." ಇದು ನ್ಯಾಯವಾದ ಮಾತು. ಆ ಕೆಲಸಕ್ಕೆ ಆಡಾಸಿಟಿ ಹೇಳಿಮಾಡಿಸಿದ್ದಲ್ಲ. ಅದಕ್ಕೆ ಎಲ್‌ಎಂಎಂಎಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದೂ ಸಾಲದಿದ್ದರೆ ರೀಪರ್ ಇದೆ. ಅದನ್ನು 60 ದಿನ ಪರೀಕ್ಷಿಸಿ ನೋಡಬಹುದು, ಆಮೇಲೆ ಹಣ ಕೊಡಬೇಕು. ಅಗತ್ಯ ಇದ್ದರೆ ಎಲ್ಲರೂ ಸೇರಿ ಹಣ ಕೂಡಿಸಿ ಕೊಳ್ಳೋಣ. ಹಬ್ಬದ ಊಟಕ್ಕೆ, ಲೈಟಿಂಗ್‌ಗೆ ಕೂಡಿಸುವ ನಮಗೆ ಇದು ಕಷ್ಟವೇ?

"ಎಲ್ಲರೂ ಕ್ರ್ಯಾಕ್ ಹಾಕ್ತಾರೆ." ಹೌದು, ಹಾಕುತ್ತಾರೆ. ಹತ್ತು ಆಜ್ಞೆಗಳಲ್ಲಿ ಏಳನೆಯದನ್ನು ಧರ್ಮೋಪದೇಶ ತರಗತಿಯಲ್ಲಿ ಕಲಿಸುವವರೂ ಹಾಕುತ್ತಾರೆ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು, ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವುದನ್ನು ಅಪರಾಧ ಎನ್ನುತ್ತದೆ. ಶಿಕ್ಷೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲವಾದರೆ ನ್ಯಾಯಾಲಯ ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಆದರೆ ನಾನು ಪೊಲೀಸರ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ದೇವರನ್ನು ಸ್ತುತಿಸುವ ಹಾಡನ್ನು ಕದ್ದ ಉಪಕರಣದಲ್ಲಿ ಕೂರಿಸುವುದು ನಮ್ಮ ನಾಲಿಗೆಗೆ ಹೇಗೆ ರುಚಿಸುತ್ತದೆ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಅದೇ ಕಾಯ್ದೆ ನಮಗೆ ಇನ್ನೊಂದು ಕನ್ನಡಿಯನ್ನೂ ಹಿಡಿಯುತ್ತದೆ. ಆರಾಧನೆಯಲ್ಲಿ ಯಾರು ಬರೆದ ಹಾಡನ್ನಾದರೂ ಹಾಡಲು ಅದು ಅಡ್ಡಿ ಮಾಡುವುದಿಲ್ಲ. ಆದರೆ ಅದನ್ನು ರೆಕಾರ್ಡ್ ಮಾಡಿ ಹಂಚುವುದು ಬೇರೆ ವಿಷಯ. ಹಾಡು ಬರೆದವರು, ರಾಗ ಹಾಕಿದವರು ಇನ್ನೂ ನಮ್ಮ ನಡುವೆ ಇದ್ದರೆ ಕೇಳಿ. ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಕೇಳದೆ ಹಾಕಿ, ಅವರ ಹೆಸರನ್ನೂ ಬಿಟ್ಟರೆ ಅದೂ ಕಳ್ಳತನವೇ.

ನಿಜವಾದ ನಷ್ಟ ಎಲ್ಲಿ ಆಗುತ್ತಿದೆ

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಕಾಸರಗೋಡಿನ ಕನ್ನಡ ಮಾತನಾಡುವ ನಮಗೆ ಇದು ಬರೀ ಕಂಪ್ಯೂಟರ್ ಪಾಠ ಅಲ್ಲ. 1956ರಲ್ಲಿ ರಾಜ್ಯಗಳು ವಿಂಗಡಣೆಯಾದಾಗ ನಾವು ಕೇರಳಕ್ಕೆ ಸೇರಿದೆವು. ನಮ್ಮಲ್ಲಿ ಹಲವರಿಗೆ ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಕಚೇರಿಯಲ್ಲಿ ಮಲಯಾಳ. ಪೂಜೆಯಲ್ಲಿ, ಹಾಡಿನಲ್ಲಿ ಉಳಿದ ಕನ್ನಡ ನಮ್ಮ ಕನ್ನಡದ ದೊಡ್ಡ ಆಸ್ತಿ. ಇಂಗ್ಲಿಷ್, ಮಲಯಾಳ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಕನ್ನಡ ಅಕ್ಷರ ತಡವರಿಸಿದರೂ ಕನ್ನಡ ಹಾಡು ಬಾಯಿಪಾಠ ಇರುತ್ತದೆ.

ಕರಾವಳಿಯ ಕ್ರೈಸ್ತ ಕನ್ನಡಕ್ಕೆ ತಂತ್ರಜ್ಞಾನ ಹೊಸತೇನಲ್ಲ. ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆ ತಂದರು. ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅಚ್ಚಿನಲ್ಲಿ ಬಂದದ್ದು ಉಳಿಯಿತು. ಆದರೆ ರಾಗ? ಹಾಡಿನ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇದೆ. ಇಂಥ ಹಾಡನ್ನು ಇಂಥ ಧಾಟಿಯಲ್ಲಿ ಹಾಡಬೇಕು ಎನ್ನುವುದು ಹಿರಿಯರ ಗಂಟಲಿನಲ್ಲಿ ಇದೆ. ಆ ಗಂಟಲು ನಿಂತ ದಿನ ಆ ಧಾಟಿಯೂ ನಿಲ್ಲುತ್ತದೆ.

ಈಗ ನಾವು ಅದನ್ನು ಹೇಗೆ ಉಳಿಸುತ್ತಿದ್ದೇವೆ? ವಾಟ್ಸ್‌ಆ್ಯಪ್ ಧ್ವನಿ ಸಂದೇಶವಾಗಿ. ಅದು ಮಾತಿಗಾಗಿ ಬಿಗಿಯಾಗಿ ಒತ್ತಿದ ರೂಪ. ಅದನ್ನು ಒಬ್ಬರು ಇಳಿಸಿ ಎಂಪಿ3 ಮಾಡುತ್ತಾರೆ, ಇನ್ನೊಬ್ಬರು ಅದನ್ನು ಕತ್ತರಿಸಿ ಮತ್ತೆ ಎಂಪಿ3 ಮಾಡುತ್ತಾರೆ. ಪ್ರತಿ ಸಲವೂ ಎನ್‌ಕೋಡರ್ ಇನ್ನಷ್ಟು ಬಿಡುತ್ತದೆ. ಝೆರಾಕ್ಸ್‌ನ ಝೆರಾಕ್ಸ್ ತೆಗೆದ ಹಾಗೆ. ಕೊನೆಗೆ ಫೋನ್ ತುಂಬಿತೆಂದು ಅಳಿಸಿಬಿಡುತ್ತೇವೆ. ಮೂಲಪ್ರತಿ ಯಾರ ಬಳಿಯೂ ಇಲ್ಲ. ಕಳ್ಳ ಸಾಫ್ಟ್‌ವೇರಿಗೆ ಪರದಾಡುವವರು ಈ ಕಳವನ್ನು ಕಾಣುವುದಿಲ್ಲ.

ನಾವು ಮಾಡಬೇಕಾದ್ದು

ನಮ್ಮ ಯುವ ಸಂಘಟನೆಯ ಮುಂದಿನ ಸಭೆಯಲ್ಲಿ ನಾಲ್ಕು ನಿರ್ಣಯ ಆಗಲಿ ಎಂದು ಕೇಳುತ್ತೇನೆ.

ಒಂದು, ಚರ್ಚ್‌ನ ಯಾವ ಕಂಪ್ಯೂಟರಿನಲ್ಲೂ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇರಕೂಡದು. ಇದ್ದರೆ ತೆಗೆದು ಆಡಾಸಿಟಿ ಹಾಕಿ. ಅದರ ಪರವಾನಗಿ ಪ್ರತಿ ಮಾಡಿ ಹಂಚುವುದಕ್ಕೂ ಅವಕಾಶ ಕೊಡುತ್ತದೆ. ಆಗ ಪೆನ್ ಡ್ರೈವ್‌ನಲ್ಲಿ ಸಾಫ್ಟ್‌ವೇರ್ ಕೊಡುವುದು ಅಪರಾಧವಲ್ಲ, ಉಪಕಾರ.

ಎರಡು, ಪ್ರತಿ ರೆಕಾರ್ಡಿಂಗ್‌ನ ಮೂಲಪ್ರತಿ ವೇವ್ ಅಥವಾ ಫ್ಲ್ಯಾಕ್ ಆಗಿ ಎರಡು ಬೇರೆ ಜಾಗಗಳಲ್ಲಿ ಇರಲಿ, ಒಂದು ಚರ್ಚ್‌ನಲ್ಲಿ, ಒಂದು ಹೊರಗೆ. ಎಂಪಿ3 ಹಂಚಲು ಮಾತ್ರ. ತಿದ್ದುವುದಿದ್ದರೆ ಮೂಲಪ್ರತಿಯಿಂದ ತಿದ್ದಿ ಹೊಸ ಎಂಪಿ3 ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೆಯೇ ಹೋಗುತ್ತದೆ.

ಮೂರು, ಪ್ರತಿ ವಾಳೆಯಿಂದ ಇಬ್ಬರು ಈ ಕೆಲಸ ಕಲಿಯಲಿ. ಒಬ್ಬ ಹುಡುಗ, ಒಬ್ಬ ಹುಡುಗಿ. ಒಬ್ಬರೇ ಕಲಿತರೆ ಅವರು ಬೆಂಗಳೂರಿಗೋ ದುಬೈಗೋ ಹೋದ ದಿನ ಕೆಲಸ ನಿಲ್ಲುತ್ತದೆ.

ನಾಲ್ಕು, ಗುರಿಕಾರರ ಸಹಾಯದಿಂದ ವಾಳೆಯ ಹಿರಿಯರ ಪಟ್ಟಿ ಮಾಡಿ. ಹಳೆಯ ಧಾಟಿ ಗೊತ್ತಿರುವ ಬಾಯಮ್ಮಂದಿರು, ಹಾರ್ಮೋನಿಯಂ ಹಿಡಿದವರು, ಕಪ್ಪು ನೋಟ್‌ಬುಕ್‌ನಲ್ಲಿ ಹಾಡು ಬರೆದಿಟ್ಟವರು. ಅವರ ಮನೆಗೆ ಹೋಗಿ, ಕಾಫಿ ಕುಡಿದು, ಫ್ಯಾನ್ ಆಫ್ ಮಾಡಿ, ಮೈಕ್ ಹತ್ತಿರ ಇಟ್ಟು ಹಾಡಿಸಿ. ಅವರ ಒಪ್ಪಿಗೆ ಕೇಳಿ, ಹೆಸರು ಬರೆಯಿರಿ.

ಇದರಲ್ಲಿ ಯಾವುದಕ್ಕೂ ಹಣ ಬೇಡ, ಯಾವುದಕ್ಕೂ ಸುಳ್ಳು ಬೇಡ. ಬೇಕಾದದ್ದು ಕೆಲವು ಶನಿವಾರದ ಸಂಜೆಗಳು. ಸಾಫ್ಟ್‌ವೇರ್ ಹೊಸ ಹೊಸದು ಬರುತ್ತಲೇ ಇರುತ್ತದೆ, ಅದಕ್ಕೆ ಅವಸರ ಇಲ್ಲ. ಅವಸರ ಇರುವುದು ಎಂಬತ್ತು ದಾಟಿದ ಕಂಠಗಳಿಗೆ. ಬರುವ ಶನಿವಾರವೇ ಒಬ್ಬರ ಮನೆ ಬಾಗಿಲು ತಟ್ಟಿ.